ಉಮ್ಮನ ಸಿಟ್ಟಿನ ಹಿಂದೆ ಎಂತ ಉಂಟು ಎಂದು ಮನೆ ಕೇಳಲಿ

ನಮ್ಮ ಮನೆಗಳಲ್ಲಿ ಒಂದು ಮಾತುಂಟು: ‘ನನಗೆ ನಮಾಝ್ ಇಲ್ಲ.’ ಹೆಣ್ಣುಮಕ್ಕಳು ಹನ್ನೆರಡು-ಹದಿಮೂರರ ಪ್ರಾಯದಲ್ಲೇ ಕಲಿಯುವ ಮಾತು ಇದು. ಅಷ್ಟು ಹೇಳಿದರೆ ಸಾಕು, ತಿಂಗಳ ವಿಷಯ ಎಂದು ಮನೆಯವರಿಗೆ ಅರ್ಥವಾಗುತ್ತದೆ. ಮುಂದೆ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಮರ್ಯಾದೆಯೂ ಉಳಿಯುತ್ತದೆ, ವಿಷಯವೂ ಮುಟ್ಟುತ್ತದೆ.

ಆದರೆ ಅದೇ ತಿಂಗಳದ್ದು ನಿಲ್ಲುವ ಕಾಲ ಬಂದಾಗ? ಅದನ್ನು ಹೇಳಲು ನಮ್ಮಲ್ಲಿ ಅಂಥದ್ದೊಂದು ಮಾತೇ ಇಲ್ಲ. ಮೂರು ತಿಂಗಳು ಬರುವುದಿಲ್ಲ, ಮತ್ತೆ ಒಂದೇ ಸಲ ಹದಿನೈದು ದಿನ ನಿಲ್ಲುವುದಿಲ್ಲ. ರಾತ್ರಿ ಎರಡು ಗಂಟೆಗೆ ಬೆವರಿ ಎಚ್ಚರವಾಗುತ್ತದೆ. ಕಾರಣವಿಲ್ಲದೆ ಕಣ್ಣು ತುಂಬುತ್ತದೆ, ಸಣ್ಣ ಮಾತಿಗೆ ಸಿಟ್ಟು ಬರುತ್ತದೆ. ಮನೆಯವರು ನೋಡುವುದು ಸಿಟ್ಟನ್ನು ಮಾತ್ರ. ‘ಉಮ್ಮನಿಗೆ ಈಗೀಗ ಎಂತ ಆಗಿದೆಯೋ, ಹತ್ತಿರ ಹೋಗ್ಲಿಕ್ಕೇ ಆಗುವುದಿಲ್ಲ’ ಎಂದು ಮಕ್ಕಳು ಮಾತಾಡಿಕೊಳ್ಳುತ್ತಾರೆ. ಎಂತ ಆಗಿದೆ ಎಂದು ಉಮ್ಮನನ್ನೇ ಕೇಳುವವರು ಕಡಿಮೆ.

ಋತುಬಂಧ ಹೆಂಗಸೊಬ್ಬಳ ಗುಟ್ಟಾಗಿ ಉಳಿಯಬಾರದು, ಅದು ಇಡೀ ಮನೆಯ ವಿಷಯ ಆಗಬೇಕು. ಈ ಲೇಖನದಲ್ಲಿ ನಾನು ಹೇಳಹೊರಟದ್ದು ಇಷ್ಟೇ.

ಎಲ್ಲ ಭಾರವೂ ಒಂದೇ ಪ್ರಾಯದಲ್ಲಿ

ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ರ ಪ್ರಾಯದಲ್ಲಿ ಮುಟ್ಟು ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು 51ರ ಆಸುಪಾಸು. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಮಾತ್ರ ‘ನಿಂತಿತು’ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಆದರೆ ಉಪದ್ರ ಶುರುವಾಗುವುದು ಅದಕ್ಕೂ ಮೊದಲೇ. ಕೆಲವರಿಗೆ ಎರಡು ವರ್ಷ, ಕೆಲವರಿಗೆ ಏಳೆಂಟು ವರ್ಷ ಈ ಏರುಪೇರು ಇರುತ್ತದೆ. ಅಂದರೆ ನಲವತ್ತು ದಾಟಿದ ಯಾವ ಉಮ್ಮನೂ ಈ ದಾರಿಯಲ್ಲಿ ಇರಬಹುದು.

ಈಗ ಅದೇ ಪ್ರಾಯದಲ್ಲಿ ಬ್ಯಾರಿ ಮನೆಯೊಂದರಲ್ಲಿ ಏನೇನು ನಡೆಯುತ್ತದೆ ನೋಡಿ. ದೊಡ್ಡ ಮಗಳ ಮದುವೆ ಮಾತುಕತೆ. ಮದುವೆ ಆಗಿದ್ದರೆ ಮೊದಲ ಹೆರಿಗೆಗೆ ಅವಳು ತವರಿಗೆ ಬಂದಿರುತ್ತಾಳೆ, ನಲವತ್ತು ದಿನದ ಬಾಣಂತನ ಉಮ್ಮನ ತಲೆಯ ಮೇಲೆ. ಮಗ ಪಿಯುಸಿ, ನೀಟ್ ಎಂದು ರಾತ್ರಿ ಹನ್ನೆರಡರವರೆಗೆ ಓದುತ್ತಾನೆ, ಅವನಿಗೆ ಚಾ ಆಗಬೇಕು. ಗಂಡನ ಉಮ್ಮ ಹಾಸಿಗೆ ಹಿಡಿದಿರುತ್ತಾರೆ. ಬೀಡಿ ಕಟ್ಟಿ ಮನೆ ನಡೆಸುವ ಉಮ್ಮ ಆದರೆ ಇದೆಲ್ಲದರ ನಡುವೆ ಸೂಪು ಮಡಿಲಲ್ಲಿಟ್ಟು ಸೊಂಟ, ಕುತ್ತಿಗೆ ಬಗ್ಗಿಸಿ ಕೂತು ಆ ದಿನದ ಲೆಕ್ಕವನ್ನೂ ಮುಗಿಸಬೇಕು.

ಇನ್ನೊಂದುಂಟು, ಅದನ್ನು ನಾವು ಗಮನಿಸುವುದೇ ಇಲ್ಲ. ದುಬೈ, ದಮ್ಮಾಮ್, ಜುಬೈಲ್ ಎಂದು ಇಪ್ಪತ್ತೈದು ವರ್ಷ ದುಡಿದ ಗಂಡಂದಿರು ಐವತ್ತರ ಆಸುಪಾಸಿನಲ್ಲಿ ಊರಿಗೆ ಬಂದು ಕೂರುತ್ತಾರೆ. ಅಷ್ಟು ವರ್ಷ ಮನೆ ನಡೆಸಿದ್ದು ಉಮ್ಮ. ಗಂಡ ಬರುತ್ತಿದ್ದದ್ದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಒಂದೆರಡು ತಿಂಗಳ ರಜೆಗೆ. ಈಗ ಇಬ್ಬರೂ ದಿನವಿಡೀ ಒಂದೇ ಮನೆಯಲ್ಲಿ. ಅವರಿಗೆ ಕೆಲಸ ಬಿಟ್ಟ ಬೇಸರ, ಕೈಯಲ್ಲಿ ಹಣ ಕಡಿಮೆ, ಶುಗರು ಬಿಪಿ ಬೇರೆ. ಇವರಿಗೆ ನಿದ್ದೆ ಇಲ್ಲ, ಮೈಯೆಲ್ಲ ಬಿಸಿ. ‘ಇಷ್ಟು ವರ್ಷ ನಿಮಗಾಗಿ ದುಡಿದೆ, ಈಗ ನನ್ನ ಮುಖ ನೋಡಿದರೆ ಆಗುವುದಿಲ್ಲ’ ಎಂದು ಅವರು ತಿಳಿದುಕೊಳ್ಳುತ್ತಾರೆ. ‘ಇಷ್ಟು ವರ್ಷ ಒಬ್ಬಳೇ ಎಲ್ಲ ನೋಡಿದೆ, ಈಗ ಬಂದು ತಪ್ಪು ಹುಡುಕುತ್ತಾರೆ’ ಎಂದು ಇವರು ನೊಂದುಕೊಳ್ಳುತ್ತಾರೆ. ನಡುವಯಸ್ಸಿನಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಎಷ್ಟೋ ಜಗಳಗಳ ಬೇರು ಇಲ್ಲಿಯೂ ಇರಬಹುದು. ಯಾರದ್ದೂ ಸ್ವಭಾವ ಕೆಟ್ಟದ್ದಲ್ಲ, ಹೊತ್ತು ಅಂಥದ್ದು.

ಮೈಯೊಳಗೆ ಆಗುವುದು ಎಂತ?

ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಈ ಪ್ರಾಯದಲ್ಲಿ ಏರಿಳಿದು ಕೊನೆಗೆ ತೀರಾ ಕಡಿಮೆಯಾಗುತ್ತದೆ. ಮೈಯ ಬಿಸಿಯನ್ನು ಹದದಲ್ಲಿಡುವ ಮೆದುಳಿನ ಭಾಗಕ್ಕೆ ಇದರಿಂದ ಗಲಿಬಿಲಿಯಾಗುತ್ತದೆ. ಸ್ವಲ್ಪವೇ ಬಿಸಿ ಏರಿದರೂ ‘ಬೆಂಕಿ ಬಿದ್ದಿದೆ’ ಎನ್ನುವ ಹಾಗೆ ಮೈ ಬೆವರಿಳಿಸುತ್ತದೆ. ಎದೆ, ಕುತ್ತಿಗೆ, ಮುಖಕ್ಕೆ ಬಿಸಿ ಹರಿದು ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ, ಒಲೆಯ ಎದುರು ಪತ್ತಿರ್ ಬೇಯಿಸುವಾಗ, ಮದುವೆ ಹಾಲಿನಲ್ಲಿ ಬುರ್ಖಾ ಹಾಕಿ ಕೂತಿರುವಾಗ ಇದು ಬಂದರೆ ಹೇಗಿರಬಹುದು, ಯೋಚಿಸಿ.

ರಾತ್ರಿ ನಾಲ್ಕು ಸಲ ಎಚ್ಚರವಾದವರಿಗೆ ಬೆಳಿಗ್ಗೆ ತಾಳ್ಮೆ ಇರುವುದು ಕಷ್ಟ. ಮರೆವು, ಎದೆಬಡಿತ, ಗಂಟುನೋವು, ಮೂತ್ರ ಉರಿ, ಕೂಡುವಾಗ ನೋವು, ಮನಸ್ಸು ಕುಸಿಯುವುದು ಎಲ್ಲವೂ ಈ ಪಟ್ಟಿಯಲ್ಲಿ ಉಂಟು. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಕೆಲವರು ಏನೂ ಗೊತ್ತಾಗದೆ ದಾಟಿಬಿಡುತ್ತಾರೆ. ಹಾಗೆ ಸುಲಭವಾಗಿ ದಾಟಿದವರು ‘ನನಗೆಂತದೂ ಆಗಲಿಲ್ಲ, ನಿನಗೊಬ್ಬಳಿಗೆ ಎಂತ’ ಎಂದು ಉಳಿದವರಿಗೆ ಹೇಳಬಾರದು.

‘ನಮ್ಮ ಅಜ್ಜಿಯಂದಿರಿಗೂ ಇದೆಲ್ಲ ಆಗಿತ್ತು, ಅವರು ಲೇಖನ ಬರೆದರಾ?’ ಎಂದು ಕೇಳುವವರಿದ್ದಾರೆ. ಅಜ್ಜಿಯಂದಿರ ಕಾಲದಲ್ಲಿ ಒಂದು ಮನೆಯಲ್ಲಿ ನಾಲ್ಕು ಸೊಸೆಯಂದಿರು, ಅತ್ತಿಗೆ ನಾದಿನಿಯರು ಇರುತ್ತಿದ್ದರು. ಒಬ್ಬಳು ಮಲಗಿದರೆ ಒಲೆ ಆರುತ್ತಿರಲಿಲ್ಲ. ಇಂದಿನ ಉಮ್ಮ ಫ್ಲ್ಯಾಟಿನಲ್ಲೋ ಐದು ಸೆಂಟ್ಸಿನ ಮನೆಯಲ್ಲೋ ಒಬ್ಬಳೇ. ಅಜ್ಜಿ ಮಾತಾಡಲಿಲ್ಲ ಎಂದರೆ ಅವಳಿಗೆ ನೋವೇ ಇರಲಿಲ್ಲ ಎಂದೂ ಅಲ್ಲ. ಕೇಳುವವರು ಇರಲಿಲ್ಲ.

ನಾಚಿಕೆ ಎಲ್ಲಿಯವರೆಗೆ?

ಇಂಥ ವಿಷಯ ಮಾತಾಡುವುದು ಹಯಾಕ್ಕೆ ವಿರುದ್ಧ ಅಲ್ಲವೇ ಎಂದು ಕೆಲವರಿಗೆ ಅನಿಸಬಹುದು. ಲಜ್ಜೆ ನಮ್ಮ ಈಮಾನಿನ ಭಾಗವೇ. ಆದರೆ ಮದೀನಾದ ಅನ್ಸಾರಿ ಮಹಿಳೆಯರನ್ನು ಆಯಿಷಾ(ರ) ಹೊಗಳಿದ್ದು ಯಾಕೆ ಎಂದು ನೆನಪಿಸಿಕೊಳ್ಳಿ. ದೀನಿನ ವಿಷಯ ಕೇಳಿ ತಿಳಿಯಲು ಅವರಿಗೆ ನಾಚಿಕೆ ಅಡ್ಡ ಬರಲಿಲ್ಲ ಎಂದು. ಫಾತಿಮಾ ಬಿಂತ್ ಅಬೀ ಹುಬೈಶ್(ರ) ರಕ್ತಸ್ರಾವ ನಿಲ್ಲದಿರುವ ಬಗ್ಗೆ ನೇರವಾಗಿ ಪ್ರವಾದಿ(ಸ)ಯವರಲ್ಲೇ ಕೇಳಿದರು. ಅದು ಮುಟ್ಟಲ್ಲ, ನರದಿಂದ ಬರುವ ರಕ್ತ ಎಂದು ತಿಳಿಸಿ, ನಮಾಝಿನ ವಿಧಿಯನ್ನು ಪ್ರವಾದಿ(ಸ) ಹೇಳಿಕೊಟ್ಟರು. ಅವರು ಅಂದು ಕೇಳಿದ್ದರಿಂದ ಇಂದು ನಮಗೆ ಮಸ್‌ಅಲ ಗೊತ್ತು.

ಈ ಪ್ರಾಯದ ಉಮ್ಮಂದಿರಿಗೆ ಈ ಮಸ್‌ಅಲ ಬೇಕೇ ಬೇಕು. ನಮ್ಮಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಮುಟ್ಟಿನ ಗರಿಷ್ಠ ಅವಧಿ 15 ದಿನ. ಅದನ್ನು ಮೀರಿ ಹರಿದರೆ ಅದು ಇಸ್ತಿಹಾದ, ಅದರ ವಿಧಿ ಬೇರೆ. ಇದು ತಿಳಿಯದೆ ತಿಂಗಳುಗಟ್ಟಲೆ ನಮಾಝ್ ಬಿಟ್ಟವರೂ ಇದ್ದಾರೆ, ಬಿಡಬೇಕಾದ ದಿನದಲ್ಲೂ ಹೆದರಿ ಮಾಡಿದವರೂ ಇದ್ದಾರೆ. ಸೀನಿದರೆ, ಕೆಮ್ಮಿದರೆ ಮೂತ್ರ ಜಾರಿ ವುಝೂ ಹೋಯಿತೆಂದು ದಿನಕ್ಕೆ ಹತ್ತು ಸಲ ತೊಳೆಯುವವರು ಇದ್ದಾರೆ. ಅವರಿಗೆ ಮಸ್‌ಅಲವೂ ಬೇಕು, ಚಿಕಿತ್ಸೆಯೂ ಬೇಕು. ಮೂತ್ರ ತಡೆದು ಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನು ಐದೈದು ಸೆಕೆಂಡು ಬಿಗಿದು ಸಡಿಲಿಸುವ ವ್ಯಾಯಾಮ ದಿನಕ್ಕೆ ಮೂರು ಹೊತ್ತು, ಕೆಲವು ತಿಂಗಳು ಮಾಡಿದರೆ ಬಹಳ ಮಂದಿಗೆ ಗುಣ ಕಾಣುತ್ತದೆ. ಇದನ್ನು ಮೂತ್ರ ಮಾಡುವಾಗ ಮಾಡಬಾರದು, ಬೇರೆ ಹೊತ್ತಿನಲ್ಲಿ ಮಾಡಬೇಕು. ಮೊಣಕಾಲು ಬಗ್ಗದವರು ಕುರ್ಚಿಯಲ್ಲಿ ಕೂತು ನಮಾಝ್ ಮಾಡಲು ಅನುಮತಿ ಉಂಟು. ಅದರಲ್ಲಿ ಸಂಕೋಚ ಎಂತದಕ್ಕೆ?

ಗರ್ಭಕೋಶ ತೆಗೆಯುವುದೇ ದಾರಿಯಲ್ಲ

‘ಮಕ್ಕಳಾಯ್ತಲ್ಲ, ಇನ್ನೆಂತಕ್ಕೆ ಅದು? ತೆಗೆಸಿಬಿಡಿ.’ ರಕ್ತಸ್ರಾವ ಹೆಚ್ಚಾದ ಹೆಂಗಸಿಗೆ ನೆರೆಕರೆಯಿಂದ ಹಿಡಿದು ಕೆಲವು ಆಸ್ಪತ್ರೆಗಳ ತನಕ ಸಿಗುವ ಸುಲಭದ ಸಲಹೆ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ 100 ಮಹಿಳೆಯರಲ್ಲಿ ಸುಮಾರು 3 ಮಂದಿ ಗರ್ಭಕೋಶ ತೆಗೆಸಿಕೊಂಡವರು. ಅನಗತ್ಯವಾಗಿ ಗರ್ಭಕೋಶ ತೆಗೆಯುವ ದಂಧೆಯ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ದೂರು ಹೋಗಿ, 2023ರ ಎಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳೂ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿ ಮಾಡಬೇಕೆಂದು ಕೋರ್ಟ್ ಆದೇಶಿಸಿತು.

ಆಪರೇಷನ್ ಯಾವಾಗಲೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್, ದೊಡ್ಡ ಗಡ್ಡೆ, ಬೇರೆ ಯಾವುದಕ್ಕೂ ಬಗ್ಗದ ರಕ್ತಸ್ರಾವ ಇದ್ದರೆ ಅದು ಬೇಕಾಗುತ್ತದೆ. ಆದರೆ ಅದಕ್ಕೆ ಮೊದಲು ಮಾತ್ರೆಗಳುಂಟು, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಉಂಟು. ಜೊತೆಗೆ ಅಂಡಾಶಯವನ್ನೂ ತೆಗೆದರೆ, ಕೆಲವು ವರ್ಷಗಳಲ್ಲಿ ನಿಧಾನವಾಗಿ ಬರಬೇಕಾದ ಋತುಬಂಧ ಒಂದೇ ದಿನದಲ್ಲಿ ಬಂದು ಬೀಳುತ್ತದೆ. ಮೂಳೆಗೂ ಹೃದಯಕ್ಕೂ ಅದರ ಪೆಟ್ಟು ಉಂಟು. ಆದ್ದರಿಂದ ‘ಬೇರೆ ಚಿಕಿತ್ಸೆ ಇದೆಯಾ? ಅಂಡಾಶಯ ಉಳಿಸಬಹುದಾ?’ ಎಂಬ ಎರಡು ಪ್ರಶ್ನೆ ಕೇಳದೆ ಸಹಿ ಹಾಕಬೇಡಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಯಾರಿಗೂ ಅವಮಾನವಲ್ಲ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದು. ಒಂದು ವರ್ಷ ಮುಟ್ಟು ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡರೂ ‘ಮತ್ತೆ ಶುರುವಾಯಿತು’ ಎಂದು ಸುಮ್ಮನಿರಬೇಡಿ. ಹೆಚ್ಚಿನ ಸಲ ಅದು ಸಣ್ಣ ಕಾರಣಕ್ಕೇ ಬಂದಿರುತ್ತದೆ. ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ ಆಗಿರಬಹುದು. ಬೇಗ ಕಂಡುಹಿಡಿದರೆ ಗುಣವಾಗುವ ಕಾಯಿಲೆ ಅದು. ‘ಮಗಳ ಮದುವೆ ಮುಗಿಯಲಿ, ಪೆರ್ನಾಲ್ ಕಳೆಯಲಿ’ ಎಂದು ಮುಂದೂಡಬಾರದು. ಮಂಗಳೂರಿನ ಲೇಡಿಗೋಷನ್‌ನಂಥ ಸರಕಾರಿ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ತಜ್ಞರಿದ್ದಾರೆ. 30 ದಾಟಿದ ಎಲ್ಲರಿಗೂ ಬಿಪಿ, ಶುಗರು, ಮಹಿಳೆಯರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲೇ ಉಂಟು. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಯಾವಾಗ ಎಂದು ಹೇಳುತ್ತಾರೆ.

ಹಾರ್ಮೋನ್ ಮಾತ್ರೆ ಎಂದರೆ ಹೆದರುವವರೂ ಇದ್ದಾರೆ. 2002ರಲ್ಲಿ ಅಮೆರಿಕದ ದೊಡ್ಡದೊಂದು ಅಧ್ಯಯನ ಸ್ತನ ಕ್ಯಾನ್ಸರಿನ ಅಪಾಯ ತಿಳಿಸಿದಾಗ ಲೋಕವೆಲ್ಲ ಹೆದರಿತು. ಆ ಅಧ್ಯಯನದಲ್ಲಿದ್ದವರ ಸರಾಸರಿ ಪ್ರಾಯ 63. ಈಗಿನ ತಿಳಿವಳಿಕೆ ಏನೆಂದರೆ, 60ರ ಒಳಗಿನ ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದ ಆರೋಗ್ಯವಂತ ಮಹಿಳೆಯರಲ್ಲಿ ತೀವ್ರ ತೊಂದರೆ ಇದ್ದರೆ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಪಿತ್ತಜನಕಾಂಗದ ಕಾಯಿಲೆ ಇದ್ದವರಿಗೆ ಅದು ಆಗದು. ಬೇಕೋ ಬೇಡವೋ ಎಂದು ವೈದ್ಯರ ಜೊತೆ ಕೂತು ತೀರ್ಮಾನಿಸಬೇಕು. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲಿನಿಂದ ತರುವ ವಸ್ತು ಅಲ್ಲ. ತೈರಾಯ್ಡ್ ತೊಂದರೆಯೂ ಇದೇ ರೀತಿಯ ಲಕ್ಷಣ ತೋರಿಸುತ್ತದೆ, ಆದ್ದರಿಂದ ಅದರ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ತಟ್ಟೆಯಲ್ಲಿ ಎಂತ ಉಂಟು?

ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯಂದಿರ ಕಥೆ ಶುರುವಾಗುವುದು ಈ ಪ್ರಾಯದಲ್ಲೇ. ಋತುಬಂಧದ ನಂತರ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ದೇಶದ ಪೌಷ್ಟಿಕ ಶಿಫಾರಸು ಹೇಳುತ್ತದೆ. ನಾವಾದರೆ ಬೆಳಿಗ್ಗೆ ಅಕ್ಕಿ, ಮಧ್ಯಾಹ್ನ ಅಕ್ಕಿ, ರಾತ್ರಿಯೂ ಅಕ್ಕಿ. ವಾರಕ್ಕೆ ಎರಡು ಮೂರು ದಿನ ನೀರ್‌ದೋಸೆಯ ಬದಲು ರಾಗಿ ಆಗಲಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಬೂತಾಯಿಯ ಸಣ್ಣ ಮುಳ್ಳನ್ನು ಮೆದುವಾಗಿ ಬೇಯಿಸಿ ಜಗಿದು ತಿಂದರೆ ಅದೂ ಮೂಳೆಗೇ ಹೋಗುತ್ತದೆ. ಮೊಸರು, ಹಾಲು, ಎಳ್ಳು, ನುಗ್ಗೆಸೊಪ್ಪು ನಮ್ಮಲ್ಲಿ ಸಿಗದ ವಸ್ತುಗಳಲ್ಲ. ಮನೆಯಿಂದ ಹೊರಗೆ ಮೈಮುಚ್ಚಿ ಹೋಗುವ ನಮಗೆ ಬಿಸಿಲಿನಿಂದ ಬರುವ ವಿಟಮಿನ್ ಡಿ ಕಡಿಮೆಯೇ. ಮನೆಯ ಟೆರೇಸಿನಲ್ಲೋ ಹಿತ್ತಿಲಲ್ಲೋ ತೋಳಿಗೆ ಬಿಸಿಲು ಬೀಳುವ ಹಾಗೆ ಸ್ವಲ್ಪ ಹೊತ್ತು ನಿಲ್ಲಲು ಯಾವ ಅಡ್ಡಿಯೂ ಇಲ್ಲ. ಸಾಲದಿದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯುವುದು ಮೂಳೆಗೂ ಮನಸ್ಸಿಗೂ ಮದ್ದು.

ಆದರೆ ಇದೆಲ್ಲ ಹೇಳುವಾಗ ಒಂದು ಸತ್ಯ ಮರೆಯಬಾರದು. ಮನೆಯಲ್ಲಿ ಕೊನೆಗೆ ಉಣ್ಣುವುದು ಉಮ್ಮ. ಎಲ್ಲರಿಗೂ ಬಡಿಸಿ ಉಳಿದ ತಲೆಮೀನು, ತಳದ ಸಾರು ಅವಳ ಪಾಲು. ಬಿರಿಯಾನಿಯ ತುಂಡು ಎಲ್ಲರ ತಟ್ಟೆಗೆ ಹೋಗಿ ಅನ್ನ ಮಾತ್ರ ಅವಳಿಗೆ. ಒಟ್ಟಿಗೆ ಕೂತು ಉಣ್ಣುವ ಅಭ್ಯಾಸ ಶುರು ಮಾಡಿ. ಕ್ಯಾಲ್ಸಿಯಂ ಲೆಕ್ಕ ಅಲ್ಲಿಂದಲೇ ಅರ್ಧ ಸರಿಯಾಗುತ್ತದೆ.

ಮನೆಯವರು ಮಾಡಬೇಕಾದದ್ದು

ಗಂಡಂದಿರೇ, ಮೊದಲ ಮಾತು ನಿಮಗೆ. ಫ್ಯಾನು ಜೋರು ಮಾಡಿದರೆ ‘ನನಗೆ ಚಳಿ’ ಎಂದು ಜಗಳಕ್ಕೆ ನಿಲ್ಲಬೇಡಿ, ಒಂದು ಕಂಬಳಿ ಹೊದ್ದುಕೊಳ್ಳಿ. ಹೆಂಡತಿ ಹತ್ತಿರ ಬರಲು ಹಿಂಜರಿದರೆ ಅದು ಪ್ರೀತಿ ಕಡಿಮೆಯಾದದ್ದಲ್ಲ, ನೋವು ಇರಬಹುದು. ಆ ಒಣಗುವಿಕೆಗೆ ಕ್ರೀಮು, ಜೆಲ್ಲುಗಳ ಚಿಕಿತ್ಸೆ ಉಂಟು, ಇಬ್ಬರೂ ಒಟ್ಟಿಗೆ ವೈದ್ಯರಲ್ಲಿ ಕೇಳಿ. ಮುಟ್ಟು ಪೂರ್ತಿ ನಿಲ್ಲುವ ತನಕ ಗರ್ಭ ನಿಲ್ಲುವ ಸಾಧ್ಯತೆಯೂ ಉಂಟು, ಅದೂ ಗೊತ್ತಿರಲಿ. ಡಾಕ್ಟರಲ್ಲಿಗೆ ಹೋಗುವಾಗ ರಿಕ್ಷಾ ಹತ್ತಿಸಿ ಕಳಿಸಬೇಡಿ, ಜೊತೆಗೆ ಹೋಗಿ ಕೂರಿ. ಗಲ್ಫಿನಲ್ಲಿದ್ದವರು ವಾಟ್ಸ್‌ಆ್ಯಪಿನಲ್ಲಿ ‘ಊಟ ಆಯ್ತಾ’ ಎಂದು ಕೇಳುವ ಜೊತೆಗೆ ‘ನಿನ್ನೆ ನಿದ್ದೆ ಬಂತಾ’ ಎಂದೂ ಕೇಳಿ. ಪ್ರವಾದಿ(ಸ) ಮನೆಯಲ್ಲಿ ಎಂತ ಮಾಡುತ್ತಿದ್ದರು ಎಂದು ಕೇಳಿದವರಿಗೆ ಆಯಿಷಾ(ರ) ಹೇಳಿದ್ದು, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದರೆ ಹೊರಡುತ್ತಿದ್ದರು ಎಂದು. ಆ ಸುನ್ನತ್ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಉಳಿದಿದೆ?

ಮಕ್ಕಳೇ, ನಿಮ್ಮ ತಟ್ಟೆ ನೀವು ತೊಳೆಯಿರಿ. ಗಂಡುಮಕ್ಕಳಿಗೂ ಸೇರಿಸಿ ಹೇಳುತ್ತಿದ್ದೇನೆ. ನೀಟ್ ಬರೆಯುವ ಹುಡುಗನಿಗೆ ಚಾ ಮಾಡಿಕೊಳ್ಳಲು ಐದು ನಿಮಿಷ ಸಾಕು. ಉಮ್ಮ ಬೈದರೆ ಎದುರು ಮಾತಾಡುವ ಮೊದಲು ಅವರು ನಿನ್ನೆ ಎಷ್ಟು ಗಂಟೆ ನಿದ್ದೆ ಮಾಡಿದರು ಎಂದು ಯೋಚಿಸಿ. ಮದುವೆಯಾದ ಹೆಣ್ಣುಮಕ್ಕಳೇ, ಬಾಣಂತನಕ್ಕೆ ಬರುವಾಗ ಸಾಧ್ಯವಿದ್ದರೆ ಒಬ್ಬ ಸಹಾಯಕ್ಕೆ ವ್ಯವಸ್ಥೆ ಮಾಡಿಕೊಂಡು ಬನ್ನಿ. ಅತ್ತೆ ಮನೆಯವರೂ ಆ ಖರ್ಚಿನಲ್ಲಿ ಕೈ ಜೋಡಿಸಲಿ.

ರಮಝಾನ್ ತಿಂಗಳ ಬಗ್ಗೆ ಬೇರೆಯೇ ಹೇಳಬೇಕು. ಸಹರಿಗೆ ಎಲ್ಲರಿಗಿಂತ ಮೊದಲು ಏಳುವುದು ಉಮ್ಮ, ತರಾವೀಹ್ ಮುಗಿಸಿ ಬಂದವರಿಗೆ ಬಡಿಸಿ ಕೊನೆಗೆ ಮಲಗುವುದೂ ಉಮ್ಮ. ನಿದ್ದೆಗೆಟ್ಟ ಈ ಪ್ರಾಯದವರಿಗೆ ಉಪವಾಸ ಹಿಡಿದು ಎಣ್ಣೆ ಬಾಣಲೆಯ ಎದುರು ನಿಲ್ಲುವುದು ಸಣ್ಣ ಪರೀಕ್ಷೆಯಲ್ಲ. ಇಫ್ತಾರಿಗೆ ಐದು ಬಗೆ ಕರಿದ ತಿಂಡಿ ಯಾವ ಕಿತಾಬಿನಲ್ಲೂ ಕಡ್ಡಾಯವಲ್ಲ. ಖರ್ಜೂರ, ಹಣ್ಣು, ಗಂಜಿ ಸಾಕು. ಉಮ್ಮನಿಗೂ ಕುರ್‌ಆನ್ ಓದಲು ಅರ್ಧ ಗಂಟೆ ಸಿಗಲಿ.

ಜಮಾಅತಿನಲ್ಲಿಯೂ ಒಂದು ಬಾಗಿಲು

ಇದು ಮನೆಯಿಂದ ಹೊರಗೂ ಬರಬೇಕಾದ ವಿಷಯ. ನಮ್ಮ ಜಮಾಅತ್‌ಗಳು ರಕ್ತದಾನ ಶಿಬಿರ, ಕಣ್ಣಿನ ಶಿಬಿರ ಬಹಳ ಚೆನ್ನಾಗಿ ನಡೆಸುತ್ತವೆ. ವರ್ಷಕ್ಕೊಮ್ಮೆ ಮದ್ರಸದ ಹಾಲಿನಲ್ಲಿ ನಲವತ್ತು ದಾಟಿದ ಉಮ್ಮಂದಿರಿಗಾಗಿ ಒಂದು ಸಭೆ ಮಾಡಲು ಎಷ್ಟು ಖರ್ಚು? ನಮ್ಮದೇ ಸಮುದಾಯದ ಹೆಣ್ಣುಮಕ್ಕಳು ಎಂಬಿಬಿಎಸ್, ನರ್ಸಿಂಗ್ ಕಲಿತು ಊರಿನಲ್ಲೇ ಇದ್ದಾರೆ. ಬ್ಯಾರಿ ಬಾಷೆಯಲ್ಲೇ ಮಾತಾಡುವ ಒಬ್ಬ ಡಾಕ್ಟರಮ್ಮ, ಮಸ್‌ಅಲ ತಿಳಿಸುವ ಒಬ್ಬ ಆಲಿಮ ಇಬ್ಬರೂ ಒಂದೇ ವೇದಿಕೆಯಲ್ಲಿ ಕೂತರೆ, ಹತ್ತು ವರ್ಷ ಒಳಗೆ ಹುದುಗಿದ ಪ್ರಶ್ನೆಗಳು ಒಂದೇ ಮಧ್ಯಾಹ್ನ ಹೊರಬರುತ್ತವೆ. ಅಕ್ಟೋಬರ್ 18 ವಿಶ್ವ ಋತುಬಂಧ ದಿನ. ಆ ವಾರದಲ್ಲಿ ಮಾಡಿದರೂ ಆದೀತು, ಬೇರೆ ಯಾವ ವಾರದಲ್ಲಿ ಮಾಡಿದರೂ ಆದೀತು.

ಮನಸ್ಸು ತೀರಾ ಕುಗ್ಗಿ, ಬದುಕು ಬೇಡ ಎನಿಸುವ ಹಂತಕ್ಕೆ ಹೋದರೆ ಅದನ್ನು ‘ಜಿನ್ನಿನ ಉಪದ್ರ’ ಎಂದು ನೂಲು ಕಟ್ಟಿಸಿ ಬಿಡಬೇಡಿ. ದುಆ ಮಾಡಿ, ಜೊತೆಗೆ ಚಿಕಿತ್ಸೆಯನ್ನೂ ಮಾಡಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಣ ಕೊಡದೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ ಉಮ್ಮಂದಿರಿಗೂ ಒಂದು ಮಾತು. ನೀವು ಹೇಳದೆ ಮನೆಯವರಿಗೆ ಗೊತ್ತಾಗುವುದಿಲ್ಲ. ‘ನನಗೆ ನಮಾಝ್ ಇಲ್ಲ’ ಎಂದು ಮೂವತ್ತು ವರ್ಷ ಹೇಳಿದ ನಿಮಗೆ, ‘ನನಗೆ ಪ್ರಾಯದ ಬದಲಾವಣೆ ಶುರುವಾಗಿದೆ, ಸ್ವಲ್ಪ ಸಮಯ ನನ್ನನ್ನು ತಾಳಿಕೊಳ್ಳಿ, ಕೆಲಸದಲ್ಲಿ ಕೈ ಕೊಡಿ’ ಎಂದು ಹೇಳುವುದು ಕಷ್ಟವಾಗಬಾರದು. ಇದು ರೋಗವಲ್ಲ, ಮುಗಿಯುವ ಕಾಲ. ಆಮೇಲೆ ಇನ್ನೂ ಇಪ್ಪತ್ತು-ಮೂವತ್ತು ವರ್ಷದ ಆಯುಸ್ಸು ಅಲ್ಲಾಹನು ಬರೆದಿರಬಹುದು. ಆ ವರ್ಷಗಳನ್ನು ಗಟ್ಟಿ ಮೂಳೆ, ಹಗುರ ಮನಸ್ಸಿನಿಂದ ಬಾಳಬೇಕಾದರೆ ತಯಾರಿ ಈಗಲೇ ಆಗಬೇಕು. ಈ ಪುಟವನ್ನು ಓದಿ ಮಡಚಿಡಬೇಡಿ. ಇವತ್ತು ಊಟದ ಹೊತ್ತಿಗೆ ಗಂಡನ ಎದುರೋ ಮಗನ ಎದುರೋ ಬಿಡಿಸಿಡಿ, ಉಳಿದದ್ದನ್ನು ಅವರು ಓದಲಿ.